ನಾಲ್ಕು ಎಲೆಯ ಯಜಮಾನ

ಜಾಲಹಳ್ಳಿಯ ಕಾರ್ಖಾನೆಯಲ್ಲಿ ನಾನು ಪ್ಲಾನಿಂಗ್ ಸೆಕ್ಷನ್ನಿನಲ್ಲಿದ್ದೆ. ಯಾವ ಬಿಡಿಭಾಗ ಯಾವ ದಿನ ಯಾವ ಮಷೀನಿನ ಮುಂದೆ ಬಂದು ನಿಲ್ಲಬೇಕೆಂದು ಮೊದಲೇ ಗೊತ್ತು ಮಾಡುವುದು ನಮ್ಮ ಕೆಲಸ. ಗೊತ್ತು ಮಾಡಿದ ದಿನ ಅದು ಅಲ್ಲಿ ಇರುತ್ತಿರಲಿಲ್ಲ, ಆ ಮಾತು ಬೇರೆ. ಆದರೂ ಬಹಳ ವರ್ಷ ಆ ಕುರ್ಚಿಯಲ್ಲಿ ಕೂತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಮನೆಗೆ ಬಂದರೂ ಎಲ್ಲವನ್ನೂ ಮುಂಚಿತವಾಗಿ ಗೊತ್ತು ಮಾಡಬೇಕೆನಿಸುತ್ತದೆ. ಹೆಂಡತಿ ಒಲೆ ಹಚ್ಚುವ ಮೊದಲೇ ಪಲ್ಯದ ರುಚಿ ಹೀಗಿರಬೇಕೆಂದು ಹೇಳಿಬಿಡುತ್ತಿದ್ದೆ. ನನ್ನ ಹೆಂಡತಿ ನೀಲಕ್ಕ ಹೂಂ ಅನ್ನುತ್ತಿದ್ದಳು, ಆಮೇಲೆ ತನಗೆ ಬೇಕಾದಂತೆ ಮಾಡುತ್ತಿದ್ದಳು. ಊಟದ ಹೊತ್ತಿಗೆ ನಾನು ಹೇಳಿದ್ದು ನನಗೇ ಮರೆತಿರುತ್ತಿತ್ತು. ಸಂಸಾರ ಚೆನ್ನಾಗಿ ನಡೆದಿತ್ತು.

ಎಂಬತ್ನಾಲ್ಕರ ಡಿಸೆಂಬರಿನಲ್ಲಿ ನಮ್ಮ ಕ್ವಾರ್ಟರ್ಸಿನ ಕೆಲವು ಮನೆಯವರು ಸೇರಿ ಮದರಾಸಿಗೆ ಹೋಗುವುದೆಂದಾಯಿತು. ಊರಾಚೆ ಕಡಲ ದಂಡೆಯಲ್ಲಿ ಹೊಸದಾಗಿ ಒಂದು ಆಟದ ಪಾರ್ಕು ಎದ್ದಿದೆ, ಆಕಾಶಕ್ಕೆ ಮುಟ್ಟುವ ಜೈಂಟ್ ವೀಲ್ ಇದೆ, ಒಂದಕ್ಕೊಂದು ಗುದ್ದುವ ಪುಟಾಣಿ ಕಾರುಗಳಿವೆ ಎಂದು ಯಾರೋ ಹೋಗಿ ಬಂದವರು ಹೇಳಿದ್ದರು. ನನ್ನ ಮಗಳು ಸುಗಲಾ ಮತ್ತು ಪಕ್ಕದ ಮನೆಯ ರೆಹಾನಾ ಒಂದೇ ಕ್ಲಾಸು. ಇಬ್ಬರೂ ಆ ಸುದ್ದಿ ಕೇಳಿದ ದಿನದಿಂದ ಮನೆಯೊಳಗೆ ಒಬ್ಬರಿಗೊಬ್ಬರು ಗುದ್ದಿಕೊಂಡೇ ಓಡಾಡುತ್ತಿದ್ದರು. ರೆಹಾನಾಳ ಅಪ್ಪ ಅಕ್ಬರ್ ಪಾಷಾ ನಮ್ಮ ಕಾರ್ಖಾನೆಯಲ್ಲೇ ಟರ್ನರ್, ನನ್ನ ಗೆಳೆಯ. ಅವನೂ ಅವನ ಹೆಂಡತಿ ಕುಲ್ಸುಮ್ಮಳೂ ಹೊರಟರು. ನನ್ನ ತಾಯಿ ನಿಂಗವ್ವನೂ ಹೊರಟಳು. ರೋಣದ ಕಡೆಯ ಹಳ್ಳಿಯಿಂದ ನನ್ನ ಜೊತೆ ಬೆಂಗಳೂರಿಗೆ ಬಂದಮೇಲೆ ಯಶವಂತಪುರದ ಮಾರ್ಕೆಟ್ಟಿನಿಂದಾಚೆ ಅವಳು ಹೋದದ್ದೇ ಅಪರೂಪ.

ಬಸ್ಸು ಯಶವಂತಪುರದ ಮುನಿಯಣ್ಣನದು. ಸೀಟು ಗೊತ್ತು ಮಾಡಲು ಹೋದಾಗ ಅವನು ಮೇಜಿನ ಡ್ರಾಯರಿನಿಂದ ಗುಲಾಬಿ ಬಣ್ಣದ ಕೂಪನ್ ಕಟ್ಟೊಂದನ್ನು ತೆಗೆದ.

"ನೋಡಿ ಸಾಮಿ, ಆ ಪಾರ್ಕಿನ ಒಳಕ್ಕೆ ಓದ್ಮೇಲೆ ಸುತ್ತಮುತ್ತ ಓಟ್ಲು ಅಂತ ಒಂದೂ ಇಲ್ಲ. ಉಪ್ಪುನೀರು, ಮಳ್ಳು, ಅಷ್ಟೇಯ. ಇದನ್ನ ಈಗ್ಲೇ ತಗಂಡ್ಬುಟ್ರೆ ಬೆಳಗ್ಗೆ ತಿಂಡಿ, ಮದ್ಯಾನ ಎಲೆ ಊಟ, ಸಾಯಂಕಾಲ ಟಿಪನ್ನು. ಕೈ ತೊಳ್ಕಂಡು ಕೂತ್ಕಳದು, ಎದ್ದೋಗದು."

"ನಮ್ಮ ತಾಯಿ ಹೊರಗಡೆ ಊಟ ಮಾಡಲ್ಲ ಮುನಿಯಣ್ಣ. ಮೂರು ಜನಕ್ಕೆ ಕೊಡಿ," ಎಂದೆ. ಅವ್ವ ಲಿಂಗಪೂಜೆ ಮಾಡಿಕೊಂಡೇ ಬಾಯಿಗೆ ನೀರು ಹಾಕುವವಳು, ಮನೆಯ ಅಡಿಗೆ ಬಿಟ್ಟು ಬೇರೆ ಮುಟ್ಟಿದವಳಲ್ಲ.

"ಪ್ಯಾಮಿಲಿ ಕೂಪನ್ ಅಂದ್ರೆ ನಾಲ್ಕು ಸಾಮಿ. ಇಂಗೆ ಅರ್ದು ಕೊಡಕ್ಕಾಗಲ್ಲ. ಯೋಚ್ನೆ ಮಾಡಿ ಏಳಿ, ಒಂದ್ ವಾರ ಟೈಮೈತೆ."

ಯೋಚನೆ ಮಾಡಿ ಎಂದು ನನಗೆ ಹೇಳಬಾರದಿತ್ತು. ಆ ವಾರ ಪೂರ್ತಿ ನಾನು ಬೇರೇನೂ ಮಾಡಲಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವರನ್ನು ಕೇಳಿದೆ, ಬಸ್ ಸ್ಟಾಪಿನಲ್ಲಿ ಕೇಳಿದೆ. ನಮ್ಮ ಸೂಪರ್‌ವೈಸರ್ ಶಿವಪ್ಪನವರು ಜೀವನದಲ್ಲಿ ಸಮುದ್ರವನ್ನೇ ನೋಡಿರಲಿಲ್ಲ, ಅವರನ್ನೂ ಬಿಡಲಿಲ್ಲ. ಪಾಷಾ ಮಾತ್ರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟ.

"ಹೊಟ್ಟೆ ಯಾವಾಗ ಹಸೀಬೇಕು ಅಂತ ಹೊಟ್ಟೆ ಹೇಳ್ಬೇಕು ಗುರು, ಕಾಗದ ಹೇಳಬಾರ್ದು. ನಾವಂತೂ ಬುಟ್ಟಿ ಕಟ್ಕೊಂಡು ಹೋಗ್ತೀವಿ."

ಮಷೀನ್ ಶಾಪಿನವನು, ಮುಂದಾಲೋಚನೆ ಇಲ್ಲ ಎಂದುಕೊಂಡೆ. ಅವನು ಹೇಳಿದ್ದನ್ನು ಒಪ್ಪಿಬಿಟ್ಟರೆ ನನ್ನ ಸೆಕ್ಷನ್ನಿನ ಅಗತ್ಯವೇ ಇರುವುದಿಲ್ಲವಲ್ಲ.

ಕೊನೆಗೆ ಪರೀಕ್ಷೆ ಮಾಡಿ ನೋಡುವುದೇ ಸರಿ ಎನಿಸಿತು. ಹೊರಗೆ ಹೋದಾಗ ನಮ್ಮ ಮನೆಯವರು ಎಷ್ಟು ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ ಎಂದು ಕಣ್ಣಾರೆ ಕಂಡರೆ ತೀರ್ಮಾನ ಸುಲಭ. ಭಾನುವಾರ ಎಲ್ಲರನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಸೋಲದೇವನಹಳ್ಳಿ ದಾಟಿ ಹೆಸರಘಟ್ಟದ ಕೆರೆಗೆ ಹೋದೆ. ನೀಲಕ್ಕನಿಗೆ ಕಾರಣ ಹೇಳಲಿಲ್ಲ. ಗಂಡ ತಾನಾಗಿ ತಿರುಗಾಡಲು ಕರೆದನೆಂದು ಅವಳು ಸಂಭ್ರಮದಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಕೆರೆ ಏರಿಯ ಮರದ ಕೆಳಗೆ ಗಂಟು ಬಿಚ್ಚಿದರು. ನಾನು ಸ್ವಲ್ಪ ದೂರ ಕೂತು, ಯಾರ ಕೈ ಗಂಟಿನೊಳಗೆ ಎಷ್ಟು ಸಲ ಹೋಗುತ್ತದೆಂದು ಗಮನಿಸತೊಡಗಿದೆ.

"ಏನ್ ನೋಡಾಕತ್ತೀಯೋ ಕಾಶಿ? ನನ್ನ ಬಾಯಾಗ ಏನರ ಹೊಕ್ಕೈತೇನು?" ಎಂದಳು ಅವ್ವ.

ಹೇಳಲೇಬೇಕಾಯಿತು. ಹೇಳಿದೆ. ಮನೆಯಲ್ಲಿ ತಿನ್ನುವುದರ ಎರಡರಷ್ಟು ಎಲ್ಲರೂ ತಿಂದಿದ್ದೀರಿ, ಆದ್ದರಿಂದ ಕೂಪನ್ ತೆಗೆದುಕೊಳ್ಳುವುದೇ ಲಾಭ ಎಂದೆ. ನೀಲಕ್ಕನ ಮುಖದ ಸಂಭ್ರಮ ಇಳಿದುಹೋಯಿತು. ಅದನ್ನು ನೋಡಿದ ನೆನಪಿದೆ, ಅರ್ಥ ಮಾಡಿಕೊಂಡ ನೆನಪಿಲ್ಲ.

"ಹೊರಗ ಬಂದ್ರ ಹಸಿವಿ ಜಾಸ್ತಿ ಆಗೂದು ಖರೆ ಐತ್ರೀ," ಎಂದಳು ಅವಳು, "ಆದ್ರ ಇದು ರೊಟ್ಟಿ ನೋಡಿ ಆದ ಹಸಿವಿ. ಅಲ್ಲಿ ಅನ್ನ ನೋಡಿ ಆಗತೈತಿ ಅಂತ ಯಾರ ಹೇಳ್ಯಾರ?"

ಮರುದಿನ ಮುನಿಯಣ್ಣನಿಂದ ಕೂಪನ್ ತಂದೆ. ಅವ್ವನ ಪಾಲು ವ್ಯರ್ಥವಾಗುತ್ತದಲ್ಲ ಎಂದು ನೀಲಕ್ಕ ಕೇಳಿದಾಗ, ಸಮುದ್ರದ ಗಾಳಿಗೆ ಎಂಥ ನೇಮವೂ ಸ್ವಲ್ಪ ಸಡಿಲವಾಗುತ್ತದೆ ಎಂದೆ. ಎಲ್ಲಿ ಕೇಳಿದ್ದೆನೋ ಏನೋ. ಅವಳು ಪ್ರಯಾಣಕ್ಕೆಂದು ರೊಟ್ಟಿ ಬಡಿಯಲು ಶುರುಮಾಡಿದಳು. ಅದನ್ನೂ ತಡೆದೆ.

"ಕೂಪನ್ ಇರೋವಾಗ ಬುತ್ತಿ ಯಾಕ? ಅವ್ವಗಷ್ಟ ಕಟ್ಟು. ಉಳಿದ ರೊಟ್ಟಿ ಮನ್ಯಾಗ ಇರಲಿ. ಗಂಟು ಹೊತಗೊಂಡು ಹೋಗಿ ಆಟ ಆಡಾಕ ಆಗತೈತೇನು?"

ನೀಲಕ್ಕ ಮಾತಾಡಲಿಲ್ಲ. ಅವಳು ಸುಮ್ಮನಾದರೆ ನಾನು ಗೆದ್ದೆ ಎಂದು ತಿಳಿಯುವಷ್ಟು ದಡ್ಡನಾಗಿದ್ದೆ ಆಗ.

ಬಸ್ಸು ಸಂಜೆ ಹೊರಟಿತು, ಮುನಿಯಣ್ಣನೂ ಜೊತೆಗೆ ಬಂದ. ರಾಣಿಪೇಟೆಯ ಹತ್ತಿರ ಟೈರು ಪಂಕ್ಚರಾಯಿತು. ಸ್ಟೆಪ್ನಿಗೂ ಗಾಳಿ ಇರಲಿಲ್ಲ. ನಾವು ಪಾರ್ಕಿನ ಬಾಗಿಲು ಮುಟ್ಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಇಳಿದವನೇ ಊಟದ ಹಾಲ್ ಹುಡುಕಿಕೊಂಡು ಓಡಿದೆ. ಅದು ಪಾರ್ಕಿನ ಇನ್ನೊಂದು ತುದಿಯಲ್ಲಿತ್ತು. ಅಲ್ಲಿ ಒಬ್ಬಾತ ಮೇಜು ಒರೆಸುತ್ತಿದ್ದ. ತಿಂಡಿ ಮುಗಿಯಿತೆಂದು ಕೈಯಾಡಿಸಿ ತೋರಿಸಿದ. ಬಸ್ಸು ಪಂಕ್ಚರಾದ ಕಥೆಯನ್ನು ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಕೊನೆಗೆ ಕೈಯಿಂದ ಟೈರಿನ ಆಕಾರ ಬರೆದು ಬಾಯಿಂದ 'ಫುಸ್' ಎಂದೂ ತೋರಿಸಿದೆ. ಆತ ಕನಿಕರದಿಂದ ನೋಡಿ ಒಂದು ಲೋಟ ನೀರು ಕೊಟ್ಟ.

ವಾಪಸು ಬಂದಾಗ ಕುಲ್ಸುಮ್ ತನ್ನ ದೊಡ್ಡ ಬುಟ್ಟಿಯಿಂದ ಎಲ್ಲರಿಗೂ ಬನ್ನು, ಅವ್ವನಿಗೆ ಮಾತ್ರ ಬಾಳೆಹಣ್ಣು ಹಂಚಿಯಾಗಿತ್ತು. "ಅಣ್ಣಾ, ನಿಮ್ಗೂ ಇಟ್ಟಿದೀನಿ," ಎಂದಳು. ಬೇಡ ಎಂದೆ. ತಿಂಡಿಯ ನಷ್ಟವನ್ನು ಮಧ್ಯಾಹ್ನದ ಊಟದಲ್ಲಿ ತುಂಬಿಕೊಳ್ಳಬೇಕೆಂದರೆ ಹೊಟ್ಟೆ ಖಾಲಿ ಇರಬೇಕಿತ್ತು.

ಆಮೇಲೆ ನಾನು ಆ ಪಾರ್ಕಿನಲ್ಲಿ ಏನು ನೋಡಿದೆ ಎಂದು ಕೇಳಿದರೆ ನನ್ನ ಕೈಗಡಿಯಾರ ನೋಡಿದೆ ಎನ್ನಬೇಕು. ಸುಗಲಾ, ರೆಹಾನಾ ಗುದ್ದುವ ಕಾರುಗಳ ಸಾಲಿನಲ್ಲಿ ನಿಂತರು. ಸಾಲು ಉದ್ದವಿತ್ತು. ಅವರ ಸರದಿ ಬರುವ ಹೊತ್ತಿಗೆ ಊಟದ ವೇಳೆ ಆಗುತ್ತದೆಂದು ಸುಗಲಾಳ ಕೈ ಹಿಡಿದು ಎಳೆದೆ. ಅವಳು ಕಂಬ ತಬ್ಬಿಕೊಂಡಳು. "ಬಿಡ್ರೀ ಅಪ್ಪಾ, ಇನ್ನ ಎರಡು ಮಂದಿ ಅಷ್ಟ!" ಎಂದು ಕಿರುಚಿದಳು. ಸುತ್ತಲಿದ್ದ ಜನ ಯಾರೋ ಮಕ್ಕಳ ಕಳ್ಳ ಎಂಬಂತೆ ನನ್ನನ್ನು ನೋಡಿದರು. ಬಿಟ್ಟೆ.

ಅವ್ವನನ್ನು ಹುಡುಕಿದೆ. ಜೈಂಟ್ ವೀಲ್ ನಿನಗಲ್ಲ, ತಲೆ ತಿರುಗುತ್ತದೆ ಎಂದು ಬೆಳಿಗ್ಗೆಯೇ ಅವಳಿಗೆ ಹೇಳಿದ್ದೆ. ಹೂಂ ಎಂದಿದ್ದಳು. ಈ ಮನೆಯ ಹೂಂಗಳ ಅರ್ಥ ನನಗೆ ಇನ್ನೂ ಆಗಿರಲಿಲ್ಲ. ಕತ್ತೆತ್ತಿ ನೋಡಿದರೆ, ಮೇಲಿನಿಂದ ಇಳಿಯುತ್ತಿದ್ದ ತೊಟ್ಟಿಲೊಂದರಲ್ಲಿ ಇಳಕಲ್ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನ ತಾಯಿ ಕೂತಿದ್ದಳು. ಪಕ್ಕದಲ್ಲಿ ಬುರ್ಖಾದ ಮುಸುಕು ಹಿಂದಕ್ಕೆ ಹಾರಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಅವ್ವನ ತೋಳು ಹಿಡಿದುಕೊಂಡ ಕುಲ್ಸುಮ್.

"ಅವ್ವಾ! ಇಳೀ! ಊಟಕ್ಕ ಹೊತ್ತಾತು!" ಎಂದು ಕೂಗಿದೆ.

ತೊಟ್ಟಿಲು ನನ್ನ ಮುಂದೆಯೇ ಹಾದು ಮತ್ತೆ ಮೇಲೇರಿತು. ಅವ್ವ ಕೈ ಬೀಸಿದಳು.

ಮುಂದಿನ ಸುತ್ತಿನಲ್ಲಿ ಮತ್ತೆ ಕೂಗಿದೆ. "ಕೇಳವಲ್ತು!" ಎಂದು ಮೇಲಿನಿಂದ ಉತ್ತರ ಬಂತು. ಕೇಳದಿದ್ದರೆ ಉತ್ತರ ಹೇಗೆ ಬಂತೆಂದು ಯೋಚಿಸುವಷ್ಟರಲ್ಲಿ ಚಕ್ರ ನಿಂತಿತು. ಕುಲ್ಸುಮ್ ತಡವರಿಸುತ್ತ ಇಳಿದಳು. ಅವ್ವ ಇಳಿಯಲಿಲ್ಲ. ಸೊಂಟದ ಚೀಲದಿಂದ ಚಿಲ್ಲರೆ ತೆಗೆದು ಚಕ್ರದವನ ಕೈಗಿಟ್ಟು, "ಇನ್ನೊಮ್ಮಿ ತಿರವು ತಮ್ಮಾ," ಎಂದಳು. ಅವನಿಗೆ ತಮಿಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಆದರೂ ತಿರುಗಿಸಿದ.

ನೀಲಕ್ಕ ಸರ್ವೆ ಮರದ ನೆರಳಿನಲ್ಲಿ ಚಪ್ಪಲಿ ಬಿಚ್ಚಿ ಕಾಲು ಚಾಚಿ ಕೂತಿದ್ದಳು. ಅವಳನ್ನಾದರೂ ಎಬ್ಬಿಸಲು ನೋಡಿದೆ.

"ನೀವು ಹೋಗಿ ಉಂಡು ಬರ್ರಿ. ನಾವು ಇಲ್ಲೇ ಇರ್ತೀವಿ."

"ನಾಲ್ಕು ಕೂಪನ್ ಅದಾವಲ್ಲ!"

"ಹಂಗಾದ್ರ ನಾಲ್ಕೂ ಉಣ್ರಿ."

ಅವಳು ಹೇಳಿದ್ದು ಸಿಟ್ಟಿನಿಂದ. ನಾನು ಅದನ್ನು ಒಂದು ಸಲಹೆಯಾಗಿ ತೆಗೆದುಕೊಂಡೆ.

ಊಟದ ಹಾಲ್‌ನಲ್ಲಿ ನೂಕುನುಗ್ಗಲು. ಬಡಿಸುವವನೊಬ್ಬ ನನ್ನ ಕೂಪನ್ ಕಿತ್ತುಕೊಂಡು, ಸಾಲಾಗಿ ನಾಲ್ಕು ಎಲೆ ಹಾಸಿ ನೀರು ಚಿಮುಕಿಸಿದ. "ಫ್ಯಾಮಿಲಿ ಎಂಗೇ ಸಾರ್?" ಎಂದು ಖಾಲಿ ಜಾಗಗಳತ್ತ ಕೈ ತೋರಿಸಿದ. ಫ್ಯಾಮಿಲಿಗೆ ಊಟಕ್ಕಿಂತ ಚಕ್ರವೇ ಹೆಚ್ಚಾಯಿತೆಂದು ಹೇಳಲು ಮಾನ ಅಡ್ಡ ಬಂತು. "ಕಮಿಂಗ್, ಕಮಿಂಗ್," ಎಂದೆ. ಕಟ್ಟಿ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಗೋಡೆಯ ಬೋರ್ಡು ತೋರಿಸಿದ. ತಮಿಳಿನಲ್ಲಿತ್ತು, ಆದರೆ ಅದರ ಮೇಲೆ ಟಿಫಿನ್ ಕ್ಯಾರಿಯರಿನ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದರು.

ನಾಲ್ಕೂ ಎಲೆಗೆ ಅನ್ನದ ಗುಡ್ಡೆ ಬಿತ್ತು, ಸಾಂಬಾರು ಬಿತ್ತು, ಪಲ್ಯ, ಅಪ್ಪಳ, ಪಾಯಸ ಬಿತ್ತು. ಹಿಂದೆ ನಿಂತು ಜಾಗಕ್ಕೆ ಕಾಯುತ್ತಿದ್ದವರು ನನ್ನ ಬೆನ್ನಿಗೇ ಉಸಿರು ಬಿಡುತ್ತಿದ್ದರು. ಯಾರೋ ಮುದುಕರು ಅವ್ವನ ಎಲೆಯ ಮುಂದೆ ಕೂರಲು ಬಂದರು. ಕೈ ಅಡ್ಡ ಹಿಡಿದು "ಕಮಿಂಗ್" ಎಂದೆ. ನನ್ನ ಎಲೆ ಮುಗಿಸಿದೆ. ನೀಲಕ್ಕನ ಎಲೆಯತ್ತ ಸರಿದೆ. ಬೆಳಿಗ್ಗೆಯಿಂದ ಉಪವಾಸವಿದ್ದುದರಿಂದ ಅದರಲ್ಲಿ ಅರ್ಧ ಸುಲಭವಾಗಿಯೇ ಇಳಿಯಿತು, ಉಳಿದರ್ಧವನ್ನು ನೂಕಿ ಇಳಿಸಿದೆ. ಸುಗಲಾಳ ಎಲೆಯ ಹೊತ್ತಿಗೆ ಅನ್ನ ಮುಟ್ಟದೆ ಪಾಯಸ, ಅಪ್ಪಳ ಮಾತ್ರ ಎಂದು ಯೋಜನೆ ಬದಲಿಸಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಆ ಗದ್ದಲದಲ್ಲಿ ಒಂದು ಕ್ಷಣ ತಲೆ ಎತ್ತಿ ನೋಡಿದೆ. ಎದುರು ಸಾಲಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಒಬ್ಬರ ಎಲೆಯಿಂದ ಒಬ್ಬರು ಅಪ್ಪಳ ಕದ್ದು ನಗುತ್ತಿದ್ದರು. ನನ್ನ ಸಾಲಿನಲ್ಲಿ ಕದಿಯಲು ಬೇಕಾದಷ್ಟು ಅಪ್ಪಳಗಳಿದ್ದವು. ಕದ್ದರೆ ಬೈಯುವವರು ಯಾರೂ ಇರಲಿಲ್ಲ.

"ಅರೆ ಗುರು! ಏನಿದು, ಯಾರ್ದಾದ್ರೂ ತಿಥೀನಾ?"

ಪಾಷಾ ನನ್ನನ್ನು ಹುಡುಕಿಕೊಂಡು ಬಂದಿದ್ದ. ನಾಲ್ಕು ಎಲೆಗಳನ್ನೂ ಅವುಗಳ ನಡುವೆ ಕೂತ ನನ್ನನ್ನೂ ನೋಡಿ ಅವನ ಬಾಯಿ ತೆರೆದೇ ಇತ್ತು.

"ಕೂತ್ಕೋ ಪಾಷಾ, ನಿನಗೇ ಇಟ್ಟಿದ್ದೆ," ಎಂದೆ.

"ನಂಗಾಗಲ್ಲಪ್ಪ, ಹೊಟ್ಟೆ ಫುಲ್ ಆಗಿದೆ. ನಿಮ್ಮಮ್ಮ ಬಿಡ್ಲೇ ಇಲ್ಲ, ರೊಟ್ಟಿ ಮೇಲೆ ರೊಟ್ಟಿ ಹಾಕ್ತಾನೇ ಇದ್ರು."

"ಯಾವ ರೊಟ್ಟಿ?"

ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ನಕ್ಕುಬಿಟ್ಟ. "ನಿಮ್ಮನೇದೇ ಗುರು. ನೀವು ಬೇಡ ಅಂದ್ರಂತಲ್ಲ, ಅದಕ್ಕೆ ನೀಲಕ್ಕ, ಅಮ್ಮ ಇಬ್ರೂ ಸೇರಿ ಎಲ್ಲಾನೂ ನಮ್ಮ ಬುಟ್ಟೀಲಿ ಹಾಕಿದ್ರು. ಜಾಲಹಳ್ಳಿಯಿಂದ ನಾನೇ ಹೊತ್ಕೊಂಡು ಬಂದಿದೀನಿ, ಭುಜ ನೋಡಿ ಬೇಕಾದ್ರೆ."

ಎದ್ದೆ. ಕಾದಿದ್ದ ಮುದುಕರನ್ನು ಕೈಸನ್ನೆಯಿಂದ ಕರೆದು ಅವ್ವನ ಎಲೆಯ ಮುಂದೆ ಕೂರಿಸಿದೆ. ಅವರು ನನ್ನನ್ನು ನೋಡಲೇ ಇಲ್ಲ, ನೇರವಾಗಿ ಪಾಯಸಕ್ಕೆ ಕೈ ಹಾಕಿದರು.

ಸರ್ವೆ ಮರದ ಕೆಳಗೆ ಚಾದರ ಹಾಸಿತ್ತು. ರೊಟ್ಟಿಯ ಗಂಟು, ಎಣ್ಣೆಗಾಯಿಯ ಡಬ್ಬಿ, ಮೊಸರು, ಕುಲ್ಸುಮ್ ಮಾಡಿದ ನಿಂಬೆಹಣ್ಣಿನ ಅನ್ನ. ಹುಡುಗಿಯರಿಬ್ಬರೂ ಗುದ್ದುವ ಕಾರಿನಲ್ಲಿ ಯಾರಿಗೆ ಯಾರು ಗುದ್ದಿದರೆಂದು ಒಟ್ಟೊಟ್ಟಿಗೆ ಹೇಳುತ್ತಿದ್ದರು. ಕಡಲ ಗಾಳಿಯಲ್ಲಿ ಎಣ್ಣೆಗಾಯಿಯ ವಾಸನೆ ತೇಲಿ ಬಂತು. ಅನ್ನದ ಗುಡ್ಡೆಗಳ ಮಧ್ಯೆ ನಾನು ಬಯಸಿದ್ದು ಅದನ್ನೇ. ಆದರೆ ಹೊಟ್ಟೆಯಲ್ಲಿ ಒಂದು ಬದನೆಕಾಯಿ ತೊಟ್ಟಿಗೂ ಜಾಗವಿರಲಿಲ್ಲ.

"ಬಾ ಯಪ್ಪಾ, ಹಸದಿರಬೇಕು," ಎಂದು ಅವ್ವ ರೊಟ್ಟಿಯ ಮೇಲೆ ಪಲ್ಯ ಹಾಕಿ ಚಾಚಿದಳು. "ಅಲ್ಲಿ ನಿನಗ ಏನ್ ಸೇರಿರತೈತಿ?"

ಎಲೆಗಟ್ಟಲೆ ಸೇರಿತು ಎಂದು ಹೇಳಬಹುದಿತ್ತು. ನೀಲಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಲಿಲ್ಲ. ಕೂತು ಆ ರೊಟ್ಟಿಯನ್ನೂ ತಿಂದೆ. ಅಷ್ಟು ರುಚಿಯಾದ ರೊಟ್ಟಿಯನ್ನು ಅಷ್ಟು ಕಷ್ಟಪಟ್ಟು ಯಾರೂ ನುಂಗಿರಲಾರರು.

ಊಟವಾದ ಮೇಲೆ ಅವ್ವ ಎದ್ದು ಸೆರಗು ಬಿಗಿದಳು. "ಏಳ, ನೀನೂ ಒಮ್ಮಿ ಹತ್ತು. ಕುಲ್ಸುಮ್ ಕಣ್ಣ ತಗೀಲೇ ಇಲ್ಲ. ನನಗ ಮಾತಾಡಾಕ ಒಬ್ರು ಬೇಕು."

ಎತ್ತರ ಎಂದರೆ ನನಗೆ ಸ್ಟೂಲೂ ಭಯ. ಬಲ್ಬು ಹಾಕುವುದು ನಮ್ಮ ಮನೆಯಲ್ಲಿ ನೀಲಕ್ಕನ ಕೆಲಸ. ಆದರೆ ಅವ್ವನ ಮುಂದೆ ಏನೆಂದು ಹೇಳಲಿ? ಹತ್ತಿದೆ. ತೊಟ್ಟಿಲು ಮೇಲೇರಿದಂತೆ ನನ್ನೊಳಗಿನ ಅನ್ನ, ಸಾಂಬಾರು, ಪಾಯಸ ಎಲ್ಲವೂ ತಮ್ಮ ತಮ್ಮ ಯೋಜನೆ ಹಾಕತೊಡಗಿದವು. ಕಣ್ಣು ಗಟ್ಟಿಯಾಗಿ ಮುಚ್ಚಿದೆ.

"ಕಣ್ಣ ತಗೀ ಕಾಶಿ."

"ಆಗೂದಿಲ್ಲವ್ವ."

"ನಾ ಹಿಡಕೊಂಡೀನಿ, ತಗೀ."

ಸುಕ್ಕುಗಟ್ಟಿದ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ತೆಗೆದೆ. ನಾವು ನೆತ್ತಿಯಲ್ಲಿದ್ದೆವು, ಚಕ್ರ ಅಲ್ಲೇ ನಿಂತಿತ್ತು. ಸರ್ವೆ ತೋಪಿನಾಚೆ ಸಮುದ್ರ ಕಂಡಷ್ಟು ದೂರಕ್ಕೂ ಹಾಸಿತ್ತು, ಅದರ ಮೇಲೆ ಬಿಸಿಲು ಮುರಿದು ಬಿದ್ದಿತ್ತು. ಅವ್ವ ಅದನ್ನೇ ನೋಡುತ್ತಿದ್ದಳು.

"ಹುಟ್ಟಿದಾಗಿಂದ ಯಾರರ ಕರದ್ರ ಹೋಗೂದು, ಕೂಡು ಅಂದ್ರ ಕೂಡೂದು," ಎಂದಳು. "ಇವತ್ತ ನಾನ ರೊಕ್ಕಾ ಕೊಟ್ಟು ಹತ್ತೀನಿ. ನೀ ಕೆಳಗ ನಿಂತು ಒದರೂದು ಎಲ್ಲಾ ಕೇಳಸ್ತಿತ್ತು."

ಬಾಯಿ ತೆರೆಯುವುದು ಆಗ ಕ್ಷೇಮವಾಗಿರಲಿಲ್ಲ. ತಲೆಯಾಡಿಸಿದೆ. ಚಕ್ರ ಒಮ್ಮೆ ಜಗ್ಗಿ ಕೆಳಗಿಳಿಯಿತು. ನೆಲ ಮುಟ್ಟಿದ ತಕ್ಷಣ ನಾನು ಸರ್ವೆ ಮರಗಳ ಹಿಂದಕ್ಕೆ ಓಡಿದೆ. ಮುನಿಯಣ್ಣ ಹೇಳಿದ್ದ ಎಲೆ ಊಟ ಪೂರ್ತಿ ಆಚೆ ಬಂತು, ಜೊತೆಗೆ ನೀಲಕ್ಕನ ರೊಟ್ಟಿಯೂ. ಹಿಂದಿನಿಂದ ಯಾರೋ ಬೆನ್ನು ತಟ್ಟಿ ಬಾಯಿಗೆ ನೀರು ಹಿಡಿದರು.

"ಎಷ್ಟು ಎಲಿ ಉಂಡ್ರಿ?" ಎಂದು ಕೇಳಿದಳು ನೀಲಕ್ಕ.

"ಎರಡೂವರಿ."

ಅವಳ ಹೊಟ್ಟೆ ಅಲುಗಾಡತೊಡಗಿತು. ನಕ್ಕಳು, ಕೂತು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಹೆಸರಘಟ್ಟದ ಕೆರೆಯ ದಿನದಿಂದ ಅವಳು ನನ್ನ ಮುಂದೆ ನಕ್ಕಿರಲಿಲ್ಲವೆಂಬುದು ಆಗ ಹೊಳೆಯಿತು. ಹೊಳೆದದ್ದನ್ನು ಅವಳಿಗೆ ಹೇಳಿದೆ. ಪರೀಕ್ಷೆ ಮಾಡಲು ಕರೆದೊಯ್ದದ್ದು ತಪ್ಪಾಯಿತೆಂದೂ ಹೇಳಿದೆ. "ಆಗ್ಲಿ, ಮುಖಾ ತೊಳಕೊಳ್ರಿ," ಎಂದಳು.

ಮಧ್ಯಾಹ್ನವೆಲ್ಲ ಮರಳಿನ ಮೇಲೆ ಮಲಗಿದೆ. ಎಚ್ಚರವಾದಾಗ ಹುಡುಗಿಯರು ನನ್ನನ್ನು ಮೊಣಕಾಲವರೆಗೆ ಮರಳಿನಲ್ಲಿ ಹೂತಿದ್ದರು. ಎಲ್ಲರೂ ನೀರಿನಲ್ಲಿದ್ದರು. ಅವ್ವ ಸೀರೆ ಎತ್ತಿಕಟ್ಟಿ ಅಲೆಗೆ ಬೈಯುತ್ತ ನಿಂತಿದ್ದಳು. ನಾನೂ ಪ್ಯಾಂಟು ಮಡಚಿ ಇಳಿದೆ. ಪಾದ ಮಾತ್ರ ನೆನೆಸಿಕೊಂಡು ಬರುವುದೆಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದೆ. ಎರಡನೆಯ ಅಲೆ ನನ್ನನ್ನು ಅಂಗಾತ ಕೆಡವಿತು. ಅಂಗಿಯ ಜೇಬಿನಲ್ಲಿದ್ದ ಸಂಜೆ ಟಿಫಿನ್ನಿನ ಕೂಪನ್ನುಗಳು ಮುದ್ದೆಯಾಗಿ ಗುಲಾಬಿ ಬಣ್ಣ ಬಿಟ್ಟವು. ಅವು ಇದ್ದರೂ ಪ್ರಯೋಜನವಿರಲಿಲ್ಲ ಎಂದು ಆಮೇಲೆ ತಿಳಿಯಿತು, ಊಟದ ಹಾಲ್‌ನ ಬಾಗಿಲು ತೆರೆಯುವ ಮೊದಲೇ ಬಸ್ಸು ಹೊರಡುವುದಿತ್ತು. ಮುನಿಯಣ್ಣ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, "ಏನ್ ಸಾಮಿ, ಊಟ ಎಂಗಿತ್ತು?" ಎಂದ. "ಎಲ್ಲಾ ವಾಪಸ್ ಕೊಟ್ಟು ಬಂದೆ ಮುನಿಯಣ್ಣ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ನೀಲಕ್ಕ ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪೂನಮಲ್ಲಿ ದಾಟುವಷ್ಟರಲ್ಲಿ ನನಗೆ ಹೊಟ್ಟೆ ಕಿತ್ತು ಬರುವಷ್ಟು ಹಸಿವು. ಒದ್ದೆ ಪ್ಯಾಂಟು ಸೀಟಿಗೆ ಅಂಟಿತ್ತು. ನೀಲಕ್ಕನ ಕಿವಿಯಲ್ಲಿ, ರೊಟ್ಟಿ ಉಳಿದಿದೆಯೇ ಎಂದು ಕೇಳಿದೆ. ಒಂದು ಚೂರೂ ಇಲ್ಲ ಎಂದಳು. ಹಿಂದಿನ ಸೀಟಿನಿಂದ ಕುಲ್ಸುಮ್ ಒಂದು ಪೊಟ್ಟಣ ಮುಂದಕ್ಕೆ ಚಾಚಿದಳು, "ಮಂಡಕ್ಕಿ ಅಣ್ಣಾ. ಸ್ವಲ್ಪ ಮರಳು ಬಿದ್ದಿದೆ, ನೋಡ್ಕೊಂಡು ತಿನ್ನಿ." ನೋಡಿಕೊಳ್ಳಲು ಬಸ್ಸಿನಲ್ಲಿ ಬೆಳಕಿರಲಿಲ್ಲ. ಹಲ್ಲಿನ ನಡುವೆ ಕರಕರ ಎನ್ನುತ್ತಿದ್ದುದನ್ನು ಹಾಗೆಯೇ ನುಂಗಿ, ಹಿಂದಕ್ಕೆ ತಿರುಗಿ ಇನ್ನೊಂದು ಸಲ ಕೈ ಒಡ್ಡಿದೆ.